ಗಾಲ್ಫ್ ಕಾರ್ಟಿಗೊಂದು ಕಳ್ಳ ಸ್ವಿಚ್ಚು

ಪ್ರಶ್ನೆ: ಅಮೆರಿಕದ ಜಾರ್ಜಿಯಾದಲ್ಲಿ, ಪೀಚ್‌ಟ್ರೀ ಸಿಟಿಯಲ್ಲಿದ್ದೇವೆ. ಅಂಗಡಿಗೂ ಶಾಲೆಗೂ ಇಲ್ಲಿ ಗಾಲ್ಫ್ ಕಾರ್ಟೇ ವಾಹನ. ನಮ್ಮದು 48 ವೋಲ್ಟಿನ ಹಳೆಯ ಕಾರ್ಟು. ಪಕ್ಕದ ಮನೆಯವರ ಕೀಲಿ ನಮ್ಮದಕ್ಕೂ ತಿರುಗುತ್ತದೆ! ಬ್ಯಾಟರಿಯ ದಪ್ಪ ಕೇಬಲ್ಲಿಗೆ ಕಾಣದ ಹಾಗೆ ಒಂದು ಸ್ವಿಚ್ ಹಾಕಿಸಬಹುದೆ?

ಉತ್ತರ: ಕೀಲಿ ಹೊಂದುವುದು ಆಶ್ಚರ್ಯವೇನಲ್ಲ. ಒಂದೇ ಮಾದರಿಯ ಬಹಳಷ್ಟು ಕಾರ್ಟುಗಳಿಗೆ ಕಾರ್ಖಾನೆಯಿಂದಲೇ ಒಂದೇ ಕೀಲಿ ಬರುತ್ತದೆ, ಅಂಗಡಿಯಲ್ಲೂ ಬಿಡಿಯಾಗಿ ಸಿಗುತ್ತದೆ. ಕಳ್ಳ ಸ್ವಿಚ್ ಹಾಕಿಸಿ, ಆದರೆ ದಪ್ಪ ಕೇಬಲ್ಲಿಗೆ ಬೇಡ. ಅದರಲ್ಲಿ ಏರು ಹತ್ತುವಾಗ ನೂರಾರು ಆಂಪಿಯರ್ ಹರಿಯುತ್ತದೆ. ಸಣ್ಣ ಸ್ವಿಚ್ ಕರಗಿಹೋದೀತು.

ಹಿಡಿಯಬೇಕಾದದ್ದು ಸೊಲೆನಾಯ್ಡಿನ ತೆಳು ತಂತಿ. ಸೊಲೆನಾಯ್ಡ್ ಎಂದರೆ ಪೆಡಲ್ ಒತ್ತಿದಾಗ ದಪ್ಪ ಕೇಬಲ್ಲಿನ ಕರೆಂಟನ್ನು ಮೋಟಾರಿನ ಕಡೆಗೆ ಜೋಡಿಸುವ ವಿದ್ಯುತ್ಕಾಂತದ ಸ್ವಿಚ್ಚು. ಸೊಲೆನಾಯ್ಡಿಗೆ ಎರಡು ದೊಡ್ಡ ಬೋಲ್ಟು, ಎರಡು ಸಣ್ಣ ಟರ್ಮಿನಲ್ ಇರುತ್ತವೆ. ಸಣ್ಣವು ಒಳಗಿನ ಕಾಯಿಲಿನವು. ಅಲ್ಲಿ ಹರಿಯುವುದು ಸುಮಾರು ಒಂದು ಆಂಪಿಯರ್, ಇಲ್ಲವೇ ಅದಕ್ಕೂ ಕಡಿಮೆ. ಹಿಂದಿನ ಚಕ್ರಗಳನ್ನು ನೆಲದಿಂದ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಕೀಲಿ ಹಾಕಿ ಪೆಡಲ್ ಒತ್ತಿಸಿ, ಸಣ್ಣ ಟರ್ಮಿನಲ್‌ಗಳ ನಡುವೆ ಮೀಟರ್ ಇಟ್ಟರೆ ಪ್ಯಾಕಿನ, ಅಂದರೆ ಎಲ್ಲ ಬ್ಯಾಟರಿಗಳೂ ಸೇರಿದ, ವೋಲ್ಟೇಜ್ ಕಾಣಬೇಕು. ಆಮೇಲೆ ಕೀಲಿ ತೆಗೆದು, ಟೋ-ರನ್ ಸ್ವಿಚ್ (ಕಾರ್ಟನ್ನು ಎಳೆದೊಯ್ಯುವ, ಓಡಿಸುವ ಸ್ಥಿತಿಗಳ ಸ್ವಿಚ್) ಇದ್ದರೆ ಟೋಗೆ ತಂದು, ಪ್ಯಾಕಿನ ಋಣ ಕೇಬಲ್ ಬಿಚ್ಚಿ, ಆ ತೆಳು ತಂತಿಗಳಲ್ಲಿ ಒಂದನ್ನು ಕತ್ತರಿಸಿ. ಎರಡು ತುದಿಗೂ 1.5 ಚದರ ಮಿಲಿಮೀಟರಿನ ತಂತಿ ಸೇರಿಸಿ ಸ್ವಿಚ್ಚಿನವರೆಗೆ ಎಳೆಯಿರಿ. ಕ್ರಿಂಪ್ ಮಾಡಿ, ಮೇಲೆ ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆ ಹಾಕಿ; ಬರೀ ತಿರುಚಿ ಟೇಪ್ ಸುತ್ತಿದರೆ ಬ್ಯಾಟರಿಯ ಆಮ್ಲದ ಆವಿಗೆ ಹಸಿರುಗಟ್ಟುತ್ತದೆ. ಕಾಯಿಲಿಗೆ ಅಡ್ಡಲಾಗಿ ಡಯೋಡ್ ಇದ್ದರೆ ಅದನ್ನು ತೆಗೆಯಬೇಡಿ, ತಿರುಗಿಸಿಯೂ ಹಾಕಬೇಡಿ.

ಸ್ವಿಚ್ ಕೊಳ್ಳುವಾಗ ಹೆಚ್ಚಿನವರು ಎಡವುತ್ತಾರೆ. ಮೈಮೇಲೆ 250 ವೋಲ್ಟ್ ಎ.ಸಿ. ಎಂದಷ್ಟೇ ಬರೆದದ್ದು ಸಾಲದು. ಡಿ.ಸಿ.ಯಲ್ಲಿ ಕಿಡಿ ತಾನಾಗಿ ಆರುವುದಿಲ್ಲ, ಕಾಂಟ್ಯಾಕ್ಟ್ ಸುಡುತ್ತದೆ. 60 ವೋಲ್ಟ್ ಡಿ.ಸಿ. ಅಥವಾ ಹೆಚ್ಚು ಎಂದು ನಮೂದಿಸಿದ, ರಬ್ಬರ್ ಟೋಪಿ ಇರುವ ಸ್ವಿಚ್ ತನ್ನಿ.

ಕಂಟ್ರೋಲರ್ (ಮೋಟಾರಿನ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ತಾನೇ ಸೊಲೆನಾಯ್ಡನ್ನು ಪರೀಕ್ಷಿಸುವ ಹೊಸ ಕಾರ್ಟುಗಳಲ್ಲಿ ಈ ತಂತಿ ಕತ್ತರಿಸಿದರೆ ದೋಷದ ಕೋಡ್ ಬರಬಹುದು. ಅಂಥವಲ್ಲಿ ಕೀಲಿ ಸ್ವಿಚ್ಚಿಗೆ ಬರುವ ತಂತಿಯೇ ವಾಸಿ. ಎರಡರಲ್ಲೂ ಕಾರ್ಟು ನಿಂತಿರುವಾಗ ಮಾತ್ರ ಸ್ವಿಚ್ ಆಫ್ ಮಾಡಿ. ಇಳಿಜಾರಿನಲ್ಲಿ ಮಾಡಿದರೆ, ಮೋಟಾರಿನಿಂದಲೇ ಬ್ರೇಕ್ ಹಿಡಿಯುವ ಮಾದರಿಗಳಲ್ಲಿ ಆ ಹಿಡಿತ ತಪ್ಪುತ್ತದೆ.

ಎಲ್ಲಿ ಅಡಗಿಸುವುದು? ಸೀಟಿನ ಕೆಳಗಂತೂ ಬೇಡ. ಕಳ್ಳ ಮೊದಲು ಎತ್ತುವುದೇ ಸೀಟು. ಜೊತೆಗೆ ಚಾರ್ಜ್ ಆಗುವಾಗ ಲೆಡ್ ಆಸಿಡ್ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ, ಅಲ್ಲಿ ಕಿಡಿ ಸಲ್ಲದು. ಡ್ಯಾಶ್‌ಬೋರ್ಡಿನ ಹಿಂಭಾಗ, ಕೂತಲ್ಲಿಂದ ಬೆರಳಿಗೆ ಸಿಗುವ, ಮೊಣಕಾಲಿಗೆ ತಾಗದ ಜಾಗ ಒಳ್ಳೆಯದು. ಕೆಲಸ ಮುಗಿದ ಮೇಲೆ ಸ್ವಿಚ್ ಆಫ್ ಇದ್ದಾಗ ಪೆಡಲ್ ಒತ್ತಿದರೆ ಸೊಲೆನಾಯ್ಡಿನ 'ಟಕ್' ಸದ್ದು ಕೇಳಬಾರದು. ಮುಂದೆಂದಾದರೂ ಆನ್ ಇದ್ದೂ ಟಕ್ ಎನ್ನದಿದ್ದರೆ ಮೊದಲ ಅನುಮಾನ ಈ ಸ್ವಿಚ್ಚಿನ ಮೇಲೇ ಇರಲಿ. ಮೆಕ್ಯಾನಿಕ್ಕಿಗೂ ಹೇಳಿಡಿ, ಇಲ್ಲವಾದರೆ ಒಳ್ಳೆಯ ಸೊಲೆನಾಯ್ಡ್ ಬದಲಾಯಿಸಿ ಬಿಲ್ಲು ಕೊಟ್ಟಾರು.

ಪ್ರಶ್ನೆ: ಪೆಟ್ರೋಲ್ ಕಾರ್ಟಿಗೂ ಇದೇ ಕ್ರಮವೆ?

ಉತ್ತರ: ಪೆಡಲ್ ಒತ್ತಿದರೆ ಸ್ಟಾರ್ಟ್ ಆಗುವ ಮಾದರಿಯಾದರೆ ಹೌದು, 12 ವೋಲ್ಟಿನ ಸೊಲೆನಾಯ್ಡಿನ ತೆಳು ತಂತಿಯನ್ನೇ ತಡೆಯಿರಿ. ಬೆಲ್ಟ್ ಕ್ಲಚ್ ಇರುವುದರಿಂದ ತಳ್ಳಿ ಸ್ಟಾರ್ಟ್ ಮಾಡಲು ಬರುವುದಿಲ್ಲ. ಆದರೆ ಇಗ್ನಿಷನ್ನಿನ ಕಿಲ್ ತಂತಿಯನ್ನು ಕತ್ತರಿಸಿದಿರೋ, ಕೆಲಸ ಉಲ್ಟಾ: ಅದು ಚಾಸಿಗೆ ತಾಗಿದರೆ ಮಾತ್ರ ಎಂಜಿನ್ ನಿಲ್ಲುವುದು. ಕತ್ತರಿಸಿದ ಮೇಲೆ ಕೀಲಿ ತೆಗೆದರೂ ಓಡುತ್ತಲೇ ಇರುತ್ತದೆ.

ಪ್ರಶ್ನೆ: ಟ್ರೇಲರಿಗೆ ಎತ್ತಿಕೊಂಡು ಹೋದರೆ?

ಉತ್ತರ: ಸ್ವಿಚ್ಚಿನಿಂದ ಏನೂ ಆಗದು. ಚಕ್ರದ ಲಾಕು, ನೆಲದ ಕೊಂಡಿಗೆ ಬಿಗಿದ ಸರಪಳಿ ಬೇಕು. ಜಿ.ಪಿ.ಎಸ್. ಹಾಕುವುದಾದರೆ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಕದಿಯಬೇಡಿ. ಆ ಬ್ಯಾಟರಿ ಉಳಿದವಕ್ಕಿಂತ ಬೇಗ ಸೋರಿ ಹಾಳಾಗುತ್ತದೆ. ಇಡೀ ಪ್ಯಾಕಿಗೆ ಫ್ಯೂಸಿನೊಂದಿಗೆ, 48 ವೋಲ್ಟನ್ನು 12ಕ್ಕೆ ಇಳಿಸುವ ಕನ್ವರ್ಟರ್ ಸೇರಿಸಿ, ಅಲ್ಲಿಂದ ಕೊಡಿ.