ಪದೇ ಪದೇ ಕೈಕೊಡುವ ಕಾರನ್ನು ಯಾವಾಗ ಬಿಡಬೇಕು?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಊರು ಚಿತ್ರದುರ್ಗ, 12 ವರ್ಷದ ಡೀಸೆಲ್ ಕಾರು, ಹೈವೇಗೆ ಬಂದರೆ ಬಿಸಿಯಾಗಿ ನಿಲ್ಲುತ್ತದೆ. ಈ ವರ್ಷ ಆಗಲೇ 40 ಸಾವಿರ ಖರ್ಚಾಗಿದೆ. ಈಗ ಮೆಕ್ಯಾನಿಕ್ ಇಂಜಿನ್ ಕೆಲಸಕ್ಕೆ ಇನ್ನೂ 60 ಸಾವಿರ ಎನ್ನುತ್ತಿದ್ದಾರೆ. ಸರಿಯಾಗಿದ್ದರೆ ಕಾರಿಗೆ 1.2 ಲಕ್ಷ ಬರಬಹುದು, ಹೀಗೇ ಕೊಟ್ಟರೆ 70 ಸಾವಿರ. ಮಾಡಿಸಲಾ, ಮಾರಲಾ?

ನಾನು ದಾವಣಗೆರೆಯವನು. ಮೆಕ್ಯಾನಿಕ್ ಅಲ್ಲ, ಹಳೇ ಕಾರುಗಳನ್ನೇ ಓಡಿಸಿಕೊಂಡು ಬಂದವನು. ರಿಪೇರಿ ಖರ್ಚು ಕಾರಿನ ಬೆಲೆಯ ಅರ್ಧ ದಾಟಿದರೆ ಮಾರಿಬಿಡಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಅದನ್ನು ಅಷ್ಟಾಗಿ ನಂಬುವುದಿಲ್ಲ. ಕಾರಿಗೆ ಏನಾಗಿದೆ ಎಂದು ಯಾರಿಗಾದರೂ ಖಚಿತವಾಗಿ ಗೊತ್ತಿದೆಯಾ? ನಾನು ನೋಡುವುದು ಅದನ್ನು. ಕ್ಲಚ್ ಸವೆದಿದ್ದರೆ ಹಾಕಿಸಿ, ವರ್ಷಗಟ್ಟಲೆ ಆ ಕಡೆ ನೋಡಬೇಕಿಲ್ಲ. ಸಸ್ಪೆನ್ಷನ್ನೂ ಅಷ್ಟೇ. ಖರ್ಚು ದೊಡ್ಡದಿರಬಹುದು, ಆದರೆ ಅಲ್ಲಿಗೆ ಮುಗಿಯುತ್ತದೆ. "ಇದೊಂದು ಚೇಂಜ್ ಮಾಡಿ ನೋಡೋಣ ಸಾರ್" ಎಂಬ ಮಾತು ಎರಡು ಮೂರು ಸಲ ಬಂತೆಂದರೆ ಕಥೆ ಬೇರೆ.

ನನ್ನ ಪೆಟ್ರೋಲ್ ಕಾರು ಅಂಥದ್ದು. ಬಿಸಿಲಲ್ಲಿ ಸ್ವಲ್ಪ ದೂರ ಓಡಿದ ಮೇಲೆ ಸುಮ್ನೆ ಆಫ್ ಆಗುತ್ತಿತ್ತು. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್. ಗ್ಯಾರೇಜಿಗೆ ಒಯ್ದರೆ ಸರಿಯಾಗೇ ಇರುತ್ತಿತ್ತು. ಸ್ಕ್ಯಾನರ್ ಹಾಕಿದರೆ ದೋಷ ತೋರಿಸುವ ಒಂದು ಕೋಡೂ ಇಲ್ಲ. ಫ್ಯುಯೆಲ್ ಪಂಪ್ ಬದಲಿಸಿದರು, ಕಾಯಿಲ್ ಬದಲಿಸಿದರು. ಕ್ರ್ಯಾಂಕ್ ಸೆನ್ಸರ್ ಬಿಸಿಯಾದಾಗ ಸತ್ತು ತಣ್ಣಗಾದಾಗ ಬದುಕುವುದುಂಟು ಎಂದು ಅದನ್ನೂ ಬದಲಿಸಿದರು. ಒಟ್ಟು ಖರ್ಚು ನಿಮ್ಮಷ್ಟೇನೂ ಆಗಿರಲಿಲ್ಲ. ಆದರೆ ಭರಮಸಾಗರದ ಹತ್ತಿರ ಲಾರಿಗಳ ನಡುವೆ ಇಂಜಿನ್ ಆಫ್ ಆಗಿ ಸ್ಟೀರಿಂಗ್ ಗಟ್ಟಿಯಾದರೆ ಹೇಗಿರುತ್ತದೆ ಎಂದು ಆ ರಸ್ತೆಯಲ್ಲಿ ಓಡಾಡುವ ನಿಮಗೆ ಹೇಳಬೇಕಿಲ್ಲ. ಕೊನೆಗೆ ನಿಮ್ಮೂರಲ್ಲೇ ಒಂದು ಮದುವೆ. ಕಾರು ಮನೆ ಮುಂದೆ ನಿಂತಿದೆ, ನಾವೆಲ್ಲ ರೇಷ್ಮೆ ಸೀರೆ, ಪಂಚೆ ಉಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟಿದ್ದೇವೆ. ಯಾರೂ ಯಾರಿಗೂ ಹೇಳಿರಲಿಲ್ಲ, ಆದರೂ ಕಾರಿನ ಕೀ ಯಾರೂ ತೆಗೆದುಕೊಳ್ಳಲಿಲ್ಲ. ಆ ವಾರವೇ ಕೊಟ್ಟುಬಿಟ್ಟೆ, ತೊಂದರೆ ಏನೆಂದು ಪೂರ್ತಿ ಹೇಳಿಯೇ ಕೊಟ್ಟೆ.

ನಿಮ್ಮದು ಹಾಗಲ್ಲ. ಇಂಜಿನ್ ಬಿಸಿಯಾಗುವುದಕ್ಕೆ ಕಾರಣ ಸಾಮಾನ್ಯವಾಗಿ ಸಿಗುತ್ತದೆ. ಹೋದ 40 ಸಾವಿರ ಹೋಯಿತು, ಅದಕ್ಕಾಗಿ ಕಾರು ಇಟ್ಟುಕೊಳ್ಳಬೇಡಿ. ಆದರೆ ಬಿಲ್‌ಗಳನ್ನು ಹುಡುಕಿ ಇಡಿ. ರೇಡಿಯೇಟರ್, ವಾಟರ್ ಪಂಪ್, ಥರ್ಮೋಸ್ಟಾಟ್, ಫ್ಯಾನ್ ಎಲ್ಲವೂ ಹೊಸದಾಗಿದ್ದು ಆಮೇಲೂ ಬಿಸಿಯಾಗುತ್ತಿದ್ದರೆ ಅನುಮಾನ ಹೆಡ್ (ಇಂಜಿನ್ನಿನ ಮೇಲ್ಭಾಗ) ಮೇಲೋ, ಅದರ ಕೆಳಗೆ ಸೋರದಂತೆ ಕೂರಿಸುವ ಹೆಡ್ ಗ್ಯಾಸ್ಕೆಟ್ ಮೇಲೋ ಬರುತ್ತದೆ. ಇಂಜಿನ್ ತಂಪಾಗಿಡುವ ಕೂಲಂಟ್ ಕಮ್ಮಿಯಾಗುತ್ತಿದೆ, ಹೊರಗೆಲ್ಲೂ ಸೋರುತ್ತಿಲ್ಲ, ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದೆ ಎಂದರೆ ಅನುಮಾನ ಇನ್ನೂ ಗಟ್ಟಿ. ರೇಡಿಯೇಟರ್, ಪಂಪ್ ಮುಂತಾದವು ಯಾವುವೂ ಬದಲಾಗಿರದಿದ್ದರೆ ಇಂಜಿನ್ ಬಿಚ್ಚುವ ಮಾತು ಈಗಲೇ ಬೇಡ.

ಇನ್ನೊಂದು ಕೇಳಬೇಕಿತ್ತು. ರೇಡಿಯೇಟರಿಗೆ ಏನು ಹಾಕುತ್ತೀರಿ? ನಮ್ಮ ಕಡೆ ದಾರಿಯಲ್ಲಿ ಬಿಸಿಯಾದರೆ ಯಾವುದಾದರೂ ಹೋಟೆಲಿನಿಂದ ಬೋರ್‌ವೆಲ್ ನೀರು ತಂದು ಸುರಿಯುವುದು ವಾಡಿಕೆ. ಗಡಸು ನೀರಾದ್ದರಿಂದ ಒಳಗೆ ಬಿಳಿ ಪದರ ಕಟ್ಟುತ್ತದೆ, ಸಣ್ಣ ಕೊಳವೆಗಳು ಮುಚ್ಚಿಕೊಳ್ಳುತ್ತವೆ. ಊರೊಳಗೆ ಗೊತ್ತಾಗುವುದಿಲ್ಲ, ಏಪ್ರಿಲ್ ಬಿಸಿಲಲ್ಲಿ ಎಸಿ ಹಾಕಿ ಹೈವೇಯಲ್ಲಿ ಒತ್ತಿದಾಗ ಗೊತ್ತಾಗುತ್ತದೆ. ನಿಮ್ಮ ಲಕ್ಷಣವೂ ಅದೇ, ಹೈವೇಯಲ್ಲೇ ಜಾಸ್ತಿ.

ಹಾಗಾಗಿ 60 ಸಾವಿರಕ್ಕೆ ಹೂಂ ಅನ್ನುವ ಮೊದಲು ಬೇರೆ ಗ್ಯಾರೇಜಿನಲ್ಲಿ ಕೂಲಿಂಗ್ ಸಿಸ್ಟಮ್ಮಿನ ಪ್ರೆಷರ್ ಟೆಸ್ಟ್ (ಎಲ್ಲಾದರೂ ಸೋರುತ್ತಿದೆಯಾ ಎಂದು), ಇಂಜಿನ್ನಿನ ಕಂಪ್ರೆಷನ್ ಟೆಸ್ಟ್ (ಸಿಲಿಂಡರುಗಳಲ್ಲಿ ಒತ್ತಡ ಸರಿ ಇದೆಯಾ ಎಂದು) ಮಾಡಿಸಿ. ಇವಕ್ಕೆ ಇಂಜಿನ್ ಬಿಚ್ಚಬೇಕಿಲ್ಲ. ಹೆಡ್ಡೇ ಹೋಗಿದೆ ಎಂದಾದರೆ ಅದನ್ನು ಮಷಿನ್ ಶಾಪಿಗೆ ಕಳಿಸಿ ಬಿರುಕು ಇದೆಯಾ, ಸೊಟ್ಟಗಾಗಿದೆಯಾ ನೋಡಿಸಲು ಹೇಳಿ. ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚಿದರೆ ಸೊಟ್ಟ ಹೆಡ್ಡಿನ ಮೇಲೆ ಹೊಸ ಗ್ಯಾಸ್ಕೆಟ್ ಕೂರುವುದಿಲ್ಲ.

ಕಾರಣ ಖಚಿತವಾಗಿ, ಕಾರಿನ ಬಾಡಿ ತುಕ್ಕು ಹಿಡಿದಿಲ್ಲದಿದ್ದರೆ ನಾನಾಗಿದ್ದರೆ ಮಾಡಿಸುತ್ತೇನೆ. 70 ಸಾವಿರಕ್ಕೆ ಕೊಟ್ಟು, ಈ 60 ಸೇರಿಸಿ 1.3 ಲಕ್ಷಕ್ಕೆ ಏನು ಸಿಗುತ್ತದೆ ಹೇಳಿ? ಬೇರೆ ಯಾರೋ ಸಾಕಾಗಿ ಮಾರಿದ ಕಾರು. ಅದರ ಕಾಯಿಲೆ ನಿಮಗೆ ಗೊತ್ತಿಲ್ಲ. ಟೆಸ್ಟ್ ಮಾಡಿದವರೂ "ಬಿಚ್ಚಿ ನೋಡಿದ ಮೇಲೆ ಹೇಳ್ತೀವಿ, ಇನ್ನೂ ಜಾಸ್ತಿ ಆಗಬಹುದು" ಎಂದರೆ ಹಾಗೇ ಮಾರಿ. ಮಾರುವುದಕ್ಕೆಂದು ರಿಪೇರಿ ಮಾಡಿಸಬೇಡಿ, 60 ಹಾಕಿದರೆ ಬೆಲೆ ಏರುವುದು 50.

ಹತ್ತು ವರ್ಷದ ಡೀಸೆಲ್ ಕಾರು ಓಡಿಸುವ ಹಾಗಿಲ್ಲವಂತೆ ಎಂದು ಯಾರಾದರೂ ಹೆದರಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಆ ತಕರಾರು ದೆಹಲಿ ಸುತ್ತಮುತ್ತಲಿನದು. ನಮ್ಮಲ್ಲಿ ಖಾಸಗಿ ಕಾರಿನ ಆರ್‌ಸಿ (ನೋಂದಣಿ ಪತ್ರ) 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಫಿಟ್‌ನೆಸ್ ನೋಡಿ ಐದೈದು ವರ್ಷಕ್ಕೆ ನವೀಕರಿಸುತ್ತಾರೆ. 2022ರ ಏಪ್ರಿಲ್‌ನಲ್ಲಿ ಅದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ನಿಮಗೆ ಇನ್ನೂ ಮೂರು ವರ್ಷ ಇದೆ.

ಮಾರಿದರೆ ಮಾತ್ರ ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ ಹಾಕಿ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಆರ್‌ಸಿ ಕೊಂಡವರ ಹೆಸರಿಗೆ ಆಗುವವರೆಗೂ ಬೆನ್ನು ಬೀಳಿ. ಅಪಘಾತವಾದರೆ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇನ್ಶೂರೆನ್ಸಿನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಸಿಗುವ ರಿಯಾಯಿತಿ) ಇದ್ದರೆ ಅದು ನಿಮ್ಮದು, ಕಾರಿನದಲ್ಲ. ಕಂಪನಿಯಿಂದ ಪತ್ರ ತೆಗೆದುಕೊಂಡರೆ ಮುಂದಿನ ಕಾರಿನ ಪ್ರೀಮಿಯಮ್ಮಿನಲ್ಲಿ ಅದನ್ನು ಕಳೆಯುತ್ತಾರೆ.