ಕಕ್ಷೆಗಳು ಹೋಲುತ್ತವೆ ಎಂದ ಮಾತ್ರಕ್ಕೆ ಅವು ಒಂದೇ ಕುಟುಂಬದ ಕ್ಷುದ್ರಗ್ರಹಗಳೇ?

ಕಕ್ಷೆಯ ಐದೂ ಅಂಕಿಗಳು (ಗಾತ್ರ, ವೃತ್ತದಿಂದ ಎಷ್ಟು ಉದ್ದಗಾಗಿದೆ ಎನ್ನುವ ಉತ್ಕೇಂದ್ರತೆ, ಕಕ್ಷೆಯ ಸಮತಲದ ಓರೆ, ಮತ್ತು ಕಕ್ಷೆ ತಿರುಗಿರುವ ದಿಕ್ಕನ್ನು ಹೇಳುವ ಎರಡು ಕೋನಗಳು) ಹೊಂದುವ ಒಂದಷ್ಟು ಕ್ಷುದ್ರಗ್ರಹಗಳನ್ನು ಪಟ್ಟಿಯಿಂದ ಆರಿಸಿದ್ದೀರಿ. ಅವುಗಳ ಪುರರವಿ, ಅಂದರೆ ಸೂರ್ಯನಿಗೆ ಅತಿ ಸಮೀಪ ಬರುವ ಬಿಂದು ಕೂಡ ಒಂದೇ ದಿಕ್ಕಿನಲ್ಲಿದೆ. ‘ಎಷ್ಟು ಹತ್ತಿರವಿದ್ದರೆ ಇದನ್ನು ಹೊಸ ಕುಟುಂಬ, ಅಂದರೆ ಒಂದೇ ಕಾಯ ಒಡೆದು ಬಂದ ಚೂರುಗಳ ಗುಂಪು, ಎನ್ನಬಹುದು’ ಎಂಬುದು ನಿಮ್ಮ ಪ್ರಶ್ನೆ. ಸ್ನಾತಕೋತ್ತರ ಪದವಿಯ ಪ್ರಬಂಧ ಬರೆಯುವಾಗ ನಾನೂ ಇಂಥದ್ದೇ ಪಟ್ಟಿಯನ್ನು ಕೈಯಲ್ಲಿ ಹಿಡಿದಿದ್ದೆ. ಮುಖ್ಯ ಅಧ್ಯಾಯವನ್ನೇ ಅದರ ಮೇಲೆ ಕಟ್ಟಿದೆ. ಕೊನೆಗೆ ಆ ಅಧ್ಯಾಯವನ್ನು ಪೂರ್ತಿಯಾಗಿ ತೆಗೆದುಹಾಕಬೇಕಾಯಿತು, ಪದವಿ ಒಂದು ವರ್ಷ ಮುಂದಕ್ಕೆ ಹೋಯಿತು.

ನನಗೆ ದಾರಿ ತೋರಿಸಿದ್ದು ಡಟೂರಾ ಕುಟುಂಬ. 2006ರಲ್ಲಿ ಅದನ್ನು ಪತ್ತೆ ಮಾಡಿದವರು ಕಕ್ಷೆಗಳ ಗಾತ್ರ, ಉತ್ಕೇಂದ್ರತೆ ಮತ್ತು ಓರೆಯ ಜೊತೆಗೆ ಅವು ಯಾವ ದಿಕ್ಕಿಗೆ ತಿರುಗಿವೆ ಎಂಬುದನ್ನೂ ಹೋಲಿಸಿದ್ದರು. ಸುಮಾರು 4.5 ಲಕ್ಷ ವರ್ಷಗಳ ಹಿಂದೆ ಒಡೆದ ಕಾಯದ ಚೂರುಗಳು ಅವು. ದಿಕ್ಕುಗಳು ಚದುರಲು ಇನ್ನೂ ಸಮಯ ಸಿಕ್ಕಿರಲಿಲ್ಲ. ಮೂರು ಅಂಕಿಗಳ ಬದಲು ಐದು ಹೊಂದಿದರೆ ಸಾಕ್ಷ್ಯ ಇನ್ನೂ ಗಟ್ಟಿಯಾಗುತ್ತದೆ ಎಂದು ನಾನು ತೀರ್ಮಾನಿಸಿದೆ. ನನ್ನ ಇಡೀ ತಪ್ಪು ಈ ಒಂದು ತೀರ್ಮಾನದಲ್ಲಿದೆ. ನಿಮ್ಮ ಪ್ರಶ್ನೆಯಲ್ಲೂ ಅದೇ ಕಾಣುತ್ತಿರುವುದರಿಂದ ಸ್ವಲ್ಪ ಉದ್ದಕ್ಕೇ ಬಿಡಿಸಿ ಹೇಳುತ್ತೇನೆ.

ಪಟ್ಟಿಗಳಲ್ಲಿ ಸಿಗುವುದು ಒಂದು ನಿರ್ದಿಷ್ಟ ದಿನಾಂಕದ ಕಕ್ಷೆ. ಗುರು ಮತ್ತು ಶನಿ ಎಳೆಯುತ್ತಲೇ ಇರುವುದರಿಂದ ಉತ್ಕೇಂದ್ರತೆ ಮತ್ತು ಓರೆ ಸಾವಿರಾರು ವರ್ಷಗಳ ಲಯದಲ್ಲಿ ಏರಿಳಿಯುತ್ತವೆ. ಈಗ ಕಾಣುವ ಉತ್ಕೇಂದ್ರತೆ ಎರಡು ಪಾಲುಗಳ ಮೊತ್ತ. ಒಂದು ಪಾಲು ಆ ಕ್ಷುದ್ರಗ್ರಹದ ಸ್ವಂತದ್ದು. ಅದರ ದಿಕ್ಕು ನಿಧಾನವಾಗಿ ಸುತ್ತುತ್ತಾ ಇರುತ್ತದೆ. ಇನ್ನೊಂದು ಗ್ರಹಗಳು ಹೇರಿದ್ದು. ಮಂಗಳ ಮತ್ತು ಗುರುವಿನ ನಡುವಿನ ಪ್ರಧಾನ ಕ್ಷುದ್ರಗ್ರಹ ವಲಯದ ಬಹುಭಾಗದಲ್ಲಿ ಅದು ಸದ್ಯಕ್ಕೆ ಗುರುಗ್ರಹದ ಪುರರವಿಯ ಕಡೆಗೇ, ಸುಮಾರು 15 ಡಿಗ್ರಿ ರೇಖಾಂಶದತ್ತ, ಮುಖ ಮಾಡಿದೆ. ಸ್ವಂತ ಪಾಲು ಚಿಕ್ಕದಿದ್ದಾಗ ಹೇರಿದ ಪಾಲೇ ಮೇಲುಗೈ ಪಡೆಯುತ್ತದೆ. ಆಗ ಒಂದಕ್ಕೊಂದು ಯಾವ ಸಂಬಂಧವೂ ಇಲ್ಲದ ಕಾಯಗಳ ಪುರರವಿಗಳೂ ಅದೇ ದಿಕ್ಕಿನ ಸುತ್ತ ಸೇರುತ್ತವೆ. ನಾನು ಆರಿಸಿದ್ದು ಬಹುತೇಕ ವೃತ್ತಾಕಾರದ ಕಕ್ಷೆಗಳನ್ನು. ಅಂದರೆ ಗುರುವಿನ ಪ್ರಭಾವ ಅತ್ಯಂತ ಸ್ಪಷ್ಟವಾಗಿ ಕಾಣುವ ಜಾಗಕ್ಕೇ ಹೋಗಿ, ಅಲ್ಲಿ ಕಂಡ ದಿಕ್ಕಿನ ಹೊಂದಾಣಿಕೆಯನ್ನು ಇತ್ತೀಚಿನ ಡಿಕ್ಕಿಯ ಗುರುತು ಎಂದು ಬರೆದೆ. ಒಂದೇ ಗಾಳಿಗೆ ಬಾಗಿದ ಮರಗಳನ್ನೆಲ್ಲ ಒಂದೇ ಬೇರಿನವು ಎಂದಂತೆ.

ಕರಡು ಓದಿದ ಹಿರಿಯ ಸಂಶೋಧಕರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: ‘ನಿಮ್ಮ ಗುಂಪಿಗೆ ಸೇರದ, ಕಡಿಮೆ ಉತ್ಕೇಂದ್ರತೆಯ ಕಾಯಗಳ ಪುರರವಿ ಎಲ್ಲಿದೆ, ನೋಡಿದ್ದೀರಾ?’ ನೋಡಿರಲಿಲ್ಲ. ನೋಡಿದಾಗ ಅಲ್ಲೂ ಅದೇ ದಿಕ್ಕು. ಬಳಿಕ ಸ್ಲೋನ್ ಆಕಾಶ ಸಮೀಕ್ಷೆಯ ಬಣ್ಣದ ಮಾಹಿತಿ ತೆಗೆದೆ. ನನ್ನ ‘ಕುಟುಂಬ’ದಲ್ಲಿ ಸಿಲಿಕೇಟ್ ಶಿಲೆಯ ಕಾಯಗಳೂ ಇಂಗಾಲಭರಿತ ಕಪ್ಪು ಕಾಯಗಳೂ ಬೆರೆತಿದ್ದವು, ಸುತ್ತಲಿನ ಜಾಗದಲ್ಲಿ ಬೆರೆತಿರುವ ಹಾಗೆಯೇ. ಅಲ್ಲಿಗೆ ಮುಗಿಯಿತು.

ನನಗೆ ಹೆಚ್ಚು ನೋವಾದದ್ದು, ಇದಕ್ಕೆ ಪರಿಹಾರ ಈ ವಿಷಯದ ಮೊದಲ ಲೇಖನದಲ್ಲೇ ಇತ್ತು ಎಂದು ತಿಳಿದಾಗ. ಜಪಾನಿನ ಕಿಯೋತ್ಸುಗು ಹಿರಾಯಾಮಾ 1918ರಲ್ಲಿ ಕೊರೋನಿಸ್, ಇಯೋಸ್ ಮತ್ತು ಥೆಮಿಸ್ ಕುಟುಂಬಗಳನ್ನು ಗುರುತಿಸಿದಾಗ ತಿಳಿದಿದ್ದ ಕ್ಷುದ್ರಗ್ರಹಗಳು ಸಾವಿರಕ್ಕೂ ಕಡಿಮೆ. ಅವರು ಕಕ್ಷೆಗಳ ಆ ಹೊತ್ತಿನ ರೂಪಕ್ಕೆ ಮಾರುಹೋಗಲಿಲ್ಲ. ಉತ್ಕೇಂದ್ರತೆಯನ್ನು ಕೇಂದ್ರದಿಂದ ದೂರವಾಗಿ, ಪುರರವಿಯ ದಿಕ್ಕನ್ನು ಕೋನವಾಗಿ ಇಟ್ಟು ಕೆಲವು ಕಾಯಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಅವು ಒಂದು ವೃತ್ತದ ಮೇಲೆ ಬೀಳುತ್ತವೆ, ಆ ವೃತ್ತದ ಕೇಂದ್ರ ಪಕ್ಕಕ್ಕೆ ಸರಿದಿದೆ, ಸರಿಸಿದ್ದು ಗ್ರಹಗಳು ಎಂದು ಅವರು ಕಂಡರು. ವೃತ್ತದ ತ್ರಿಜ್ಯವೇ ಆ ಕಾಯಗಳ ಸ್ವಂತ ಪಾಲು. ಇವತ್ತಿನ ಪ್ರಾಪರ್ ಎಲಿಮೆಂಟ್‌ಗಳು ಅದೇ ವಿಚಾರದ ಬೆಳೆದ ರೂಪ: ಗ್ರಹಗಳ ಎಳೆತದ ಏರಿಳಿತವನ್ನು ಕಳೆದು, ಲಕ್ಷಾಂತರ ವರ್ಷ ಹೆಚ್ಚು ಕಡಿಮೆ ಬದಲಾಗದೆ ಉಳಿಯುವ ಮೂರು ಅಂಕಿಗಳು.

ಹಾಗಾಗಿ ‘ಎಷ್ಟು ಹತ್ತಿರ’ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಹಳೆಯ ಕುಟುಂಬದ ಸದಸ್ಯರ ಈಗಿನ ಕಕ್ಷೆಗಳು ಹೋಲಬೇಕಾಗಿಯೇ ಇಲ್ಲ. ಕೊರೋನಿಸ್ ಕುಟುಂಬದವರ ಪುರರವಿಗಳು ಎಲ್ಲ ದಿಕ್ಕುಗಳಲ್ಲೂ ಇವೆ, ಉತ್ಕೇಂದ್ರತೆಗಳೂ ಬೇರೆ ಬೇರೆ. ಪ್ರಾಪರ್ ಎಲಿಮೆಂಟ್‌ಗಳಲ್ಲಿ ಮಾತ್ರ ಅವು ಒಟ್ಟಿಗೆ ಬರುತ್ತವೆ. ಅಲ್ಲಿಯೂ ಎಲ್ಲ ಕಡೆಗೆ ಒಪ್ಪುವ ಒಂದೇ ಮಿತಿ ಇಲ್ಲ. 1990ರಲ್ಲಿ ಝಪಾಲಾ ಮತ್ತು ಸಂಗಡಿಗರು ತಂದ ವಿಧಾನದಲ್ಲಿ ಮಿತಿಯೊಳಗಿನ ಕಾಯಗಳನ್ನು ಒಂದಕ್ಕೊಂದು ಕೊಂಡಿ ಹಾಕುತ್ತಾ ಗುಂಪು ಕಟ್ಟುತ್ತಾರೆ, ಅಂತರವನ್ನು ವೇಗದ ರೂಪದಲ್ಲಿ, ಸೆಕೆಂಡಿಗೆ ಇಷ್ಟು ಮೀಟರ್ ಎಂದು ಅಳೆಯುತ್ತಾರೆ. ಖಾಲಿ ಜಾಗದಲ್ಲಿ ಒಪ್ಪುವ ಮಿತಿಯನ್ನು ಫ್ಲೋರಾ ಕುಟುಂಬ ಇರುವಂಥ ಕಿಕ್ಕಿರಿದ ಒಳ ವಲಯದಲ್ಲಿ ಬಳಸಿದರೆ, ಒಂದರಿಂದ ಇನ್ನೊಂದಕ್ಕೆ ಕೊಂಡಿ ಬೆಳೆದು ನೆರೆಯ ಗುಂಪುಗಳೆಲ್ಲ ಒಂದಾಗುತ್ತವೆ. ಕಕ್ಷೆ ತಿಳಿದಿರುವ ಕ್ಷುದ್ರಗ್ರಹಗಳು ಈಗ ಹತ್ತು ಲಕ್ಷಕ್ಕೂ ಹೆಚ್ಚು. ಇಷ್ಟು ಜನಸಂದಣಿಯಲ್ಲಿ ಆಕಸ್ಮಿಕ ಹೋಲಿಕೆಗೆ ಕೊರತೆ ಇಲ್ಲ. ಸುತ್ತಲಿನ ಸಾಂದ್ರತೆಗಿಂತ ನಿಮ್ಮ ಗುಂಪು ಎಷ್ಟು ಮೇಲೆದ್ದು ಕಾಣುತ್ತದೆ ಎಂಬುದನ್ನು ಅಳೆಯಿರಿ.

ದಿಕ್ಕುಗಳಿಗೆ ಬೆಲೆಯೇ ಇಲ್ಲ ಎಂದಲ್ಲ. ಆದರೆ ಅವುಗಳನ್ನು ಹಿಂದಕ್ಕೆ ಓಡಿಸಿ ನೋಡಬೇಕು. ಕೊರೋನಿಸ್ ಕುಟುಂಬದೊಳಗಿನ ಕರೀನ್ ಗುಂಪಿನ ಕಕ್ಷೆಗಳನ್ನು ಕಂಪ್ಯೂಟರಿನಲ್ಲಿ ಹಿಂದಕ್ಕೆ ನಡೆಸಿದಾಗ, 58 ಲಕ್ಷ ವರ್ಷಗಳ ಹಿಂದೆ ಅವುಗಳ ದಿಕ್ಕುಗಳು ಒಂದೆಡೆ ಸೇರಿದವು ಎಂದು 2002ರಲ್ಲಿ ತೋರಿಸಲಾಯಿತು. ಆ ಫಲಿತಾಂಶವನ್ನು ಈಗಲೂ ಓದಿದಾಗ ನನಗೆ ಮೈ ಜುಮ್ಮೆನ್ನುತ್ತದೆ. ನಿಮ್ಮ ಗುಂಪು ನಿಜಕ್ಕೂ ಎಳೆಯದಾಗಿದ್ದರೆ ಹಿಂದಿನ ಒಂದು ನಿರ್ದಿಷ್ಟ ಕಾಲದಲ್ಲಿ ದಿಕ್ಕುಗಳು ಈಗಿನದಕ್ಕಿಂತ ಬಿಗಿಯಾಗಿ ಕೂಡಬೇಕು. ನನ್ನ ಗುಂಪು ಹಿಂದಕ್ಕೆ ಹೋದಷ್ಟೂ ಚದುರಿತು.

ಹಳೆಯ ಕುಟುಂಬಗಳಿಗೆ ಈ ಪರೀಕ್ಷೆ ನಡೆಯುವುದಿಲ್ಲ. ಅಲ್ಲಿ ಯಾರ್ಕೋವ್‌ಸ್ಕಿ ಪರಿಣಾಮ ನೆರವಿಗೆ ಬರುತ್ತದೆ. ಬಿಸಿಲಿಗೆ ಕಾದ ಮೈ ಸ್ವಲ್ಪ ತಡವಾಗಿ ಶಾಖ ಹೊರಸೂಸುವುದರಿಂದ ಕಾಯ ನಿಧಾನವಾಗಿ ಒಳಕ್ಕೋ ಹೊರಕ್ಕೋ ಸರಿಯುತ್ತದೆ, ಚಿಕ್ಕವು ಹೆಚ್ಚು ಸರಿಯುತ್ತವೆ. ಸೂರ್ಯನಿಂದ ಸರಾಸರಿ ದೂರವನ್ನು ವ್ಯಾಸದ ವಿಲೋಮದ ಎದುರು ಗುರುತಿಸಿದರೆ ಆಂಗ್ಲ ‘ವಿ’ ಅಕ್ಷರದ ಆಕಾರ ಮೂಡುತ್ತದೆ, ಅದರ ಅಗಲದಿಂದ ವಯಸ್ಸನ್ನು ಅಂದಾಜಿಸಬಹುದು.

ಈ ಶ್ರಮಕ್ಕೆ ಅರ್ಥವಿದೆ. ಭೂಮಿಗೆ ಬೀಳುವ ಉಲ್ಕಾಶಿಲೆಗಳಲ್ಲಿ ಸುಮಾರು 70% ಕರೀನ್, ಕೊರೋನಿಸ್ ಮತ್ತು ಮಸ್ಸಾಲಿಯಾ ಎಂಬ ಮೂರು ಕುಟುಂಬಗಳಿಂದ ಬರುತ್ತವೆ ಎಂದು 2024ರ ಅಧ್ಯಯನಗಳು ಹೇಳಿದವು. ಬಂಧುತ್ವವನ್ನು ತಪ್ಪಾಗಿ ಬರೆದರೆ ಕೈಯಲ್ಲಿರುವ ಕಲ್ಲಿನ ಮೂಲವೂ ತಪ್ಪಾಗುತ್ತದೆ.

ಹೊಸ ಕುಟುಂಬ ಹುಡುಕುವುದನ್ನು ಸದ್ಯಕ್ಕೆ ನಿಲ್ಲಿಸಿ. ಕ್ಷುದ್ರಗ್ರಹಗಳ ಕಕ್ಷೆಯ ಮಾಹಿತಿ ಕೊಡುವ ಆಸ್ಟ್‌ಡಿಸ್ (AstDyS) ಜಾಲತಾಣದಿಂದ ಪ್ರಾಪರ್ ಎಲಿಮೆಂಟ್‌ಗಳನ್ನು ಇಳಿಸಿಕೊಂಡು ಗೆಫಿಯಾನ್ ಕುಟುಂಬವನ್ನು ತೆಗೆದುಕೊಳ್ಳಿ. ಒಂದು ಕಾಲದಲ್ಲಿ ಅದಕ್ಕೆ ಸೀರಿಸ್ ಕುಟುಂಬ ಎಂದೇ ಹೆಸರಿತ್ತು, ಆ ವಲಯದ ಅತಿ ದೊಡ್ಡ ಕಾಯವಾದ ಸೀರಿಸ್‌ನ ಕಕ್ಷೆಯ ಅಂಕಿಗಳು ಅಲ್ಲೇ ಸಮೀಪದಲ್ಲಿವೆ ಎಂಬ ಕಾರಣಕ್ಕೆ. ರೋಹಿತವನ್ನು, ಅಂದರೆ ಪ್ರತಿಫಲಿಸುವ ಬೆಳಕಿನ ಬಣ್ಣಗಳ ಹಂಚಿಕೆಯನ್ನು, ನೋಡಿದಾಗ ಸದಸ್ಯರು ಸಿಲಿಕೇಟ್ ಶಿಲೆಯವರು, ಸೀರಿಸ್ ಇಂಗಾಲದ ಬಗೆಯದು ಎಂದು ತಿಳಿದು ಅದನ್ನು ಹೊರಗಿಟ್ಟರು. ಕಕ್ಷೆಯ ಅಂಕಿಗಳನ್ನು ಮಾತ್ರ ಬಳಸಿದಾಗ ಸೀರಿಸ್ ಯಾವ ಮಿತಿಗೆ ಒಳಗೆ ಬರುತ್ತದೆ, ಬಣ್ಣ ಮತ್ತು ಪ್ರತಿಫಲನಾಂಶವನ್ನು ಸೇರಿಸಿದಾಗ ಇನ್ನು ಯಾರು ಯಾರು ಹೊರಗೆ ಹೋಗುತ್ತಾರೆ ಎಂದು ನೀವೇ ಮಾಡಿ ನೋಡಿ. ಆಮೇಲೆ ಅದೇ ವಿಧಾನದಿಂದ ನಿಮ್ಮ ಪಟ್ಟಿಯನ್ನು ಪರೀಕ್ಷಿಸಿ, ಬಂದ ನಕ್ಷೆಗಳನ್ನು ಇಲ್ಲಿ ಹಾಕಿ. ಖಂಡಿತ ನೋಡುತ್ತೇನೆ.