ಆ ರಾಜನಿಗೆ ಗದ್ದ ಬಿಟ್ಟು ಬೇರೇನೂ ಇರಲಿಲ್ಲವೇ?

ಹಾವೇರಿಯ ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯ ಬಾಕ್ಸ್‌ನಲ್ಲಿ ಸ್ಪೇನಿನ ಎರಡನೇ ಕಾರ್ಲೊಸ್ ಬಗ್ಗೆ ಬರೆದಿದ್ದೀರಿ. ಉದ್ದ ಗದ್ದ, ಅಗಿಯಲಾಗದ ಬಾಯಿ, ಮಾತು ತಡ, ನಡಿಗೆ ತಡ, ಮಕ್ಕಳಿಲ್ಲ, 'ಮಾಟಕ್ಕೆ ಸಿಕ್ಕ ರಾಜ'. ನನ್ನ ತಮ್ಮನಿಗೂ ಮಾತು ತಡವಾಗಿಯೇ ಬಂತು. 35 ವರ್ಷ ಆಳಿದವನ ಬಗ್ಗೆ ಹೇಳೋದು ಇಷ್ಟೇನಾ?"

ಮೇಡಂ, ನಮಸ್ಕಾರ. ಆ ಬಾಕ್ಸ್ ಬರೆದವನು ನಾನೇ. ಪುಟದಲ್ಲಿ ಜಾಗ ಉಳಿದಿತ್ತು, ಬಾಯಿಗೆ ಬಂದದ್ದನ್ನು ತುಂಬಿದೆ. ನಿಮ್ಮ ಪತ್ರ ಓದಿ ನಾಚಿಕೆಯಾಯಿತು.

ರಕ್ತಸಂಬಂಧದ ಮಾತೇನೋ ಸುಳ್ಳಲ್ಲ. ಕಾರ್ಲೊಸ್‌ನ ಅಪ್ಪ ನಾಲ್ಕನೇ ಫಿಲಿಪ್ ಸ್ವಂತ ತಂಗಿಯ ಮಗಳು ಮರಿಯಾನಾಳನ್ನು ಮೊದಲು ತನ್ನ ಮಗನಿಗೆ ಗೊತ್ತು ಮಾಡಿದ್ದ. ಮಗ 1646ರಲ್ಲಿ ತೀರಿಕೊಂಡ. ಮೂರು ವರ್ಷದ ನಂತರ ಅಪ್ಪನೇ ಅವಳ ಕೈ ಹಿಡಿದ. ನಮ್ಮ 'ಸೊಸೆ' ಎಂಬ ಮಾತಿಗಿರುವ ಎರಡೂ ಅರ್ಥಕ್ಕೆ ಅವಳು ಸಲ್ಲುತ್ತಿದ್ದಳು! ಸೋದರಮಾವನ ಮದುವೆ ನಮಗೇನು ಹೊಸದಲ್ಲ. ಆದರೆ ಇವರ ಹ್ಯಾಬ್ಸ್‌ಬರ್ಗ್ ಮನೆತನದಲ್ಲಿ ಇಂಥವು ಒಂದರ ಮೇಲೊಂದು ನಡೆದು, ಕಾರ್ಲೊಸ್‌ನ ಹೊತ್ತಿಗೆ ಅದು ಅಣ್ಣ-ತಂಗಿಗೆ ಮಗು ಹುಟ್ಟಿದ ಲೆಕ್ಕಕ್ಕೆ ಬಂದು ಮುಟ್ಟಿತ್ತು. ಹಾಗಂತ ಎಲ್ಲವನ್ನೂ ರಕ್ತದ ತಲೆಗೆ ಕಟ್ಟುವ ಹಾಗೂ ಇಲ್ಲ. ಕಲಾವಿದ ವೆಲಾಸ್ಕೆಸ್‌ನ 'ಲಾಸ್ ಮೆನಿನಾಸ್' ಚಿತ್ರದ ನಡುವೆ ನಿಂತಿರುವ ಪುಟ್ಟ ಹುಡುಗಿ ಇವನ ಒಡಹುಟ್ಟಿದ ಅಕ್ಕ. ಅದೇ ಅಪ್ಪ, ಅದೇ ಅಮ್ಮ. ಅವಳನ್ನು ಯಾರೂ ಅಣಕಿಸಲಿಲ್ಲ.

ಇವನ ಮೈಯ ವರ್ಣನೆಗಳನ್ನು ಬರೆದವರು ಯಾರು ಅಂತ ನೋಡಿ. ಬಹುಪಾಲು ಪರದೇಶದ ರಾಯಭಾರಿಗಳು. 1661ರಲ್ಲಿ ಇವನು ಹುಟ್ಟಿದಾಗ ಮ್ಯಾಡ್ರಿಡ್‌ನ ಸರ್ಕಾರಿ ಪತ್ರಿಕೆ ಚೆಂದದ ಮಗು ಎಂದಿತು, ಫ್ರೆಂಚ್ ರಾಯಭಾರಿ ತೀರಾ ಬಡಕಲು ಎಂದು ಬರೆದ. ಪತ್ರಿಕೆಯವರು ಸುಳ್ಳು ಹೇಳಿರಬಹುದು, ನಮ್ಮ ಕಸುಬು ನನಗೆ ಗೊತ್ತು. ಆದರೆ ರಾಯಭಾರಿಯ ಧಣಿ, ಫ್ರಾನ್ಸಿನ ರಾಜ ಹದಿನಾಲ್ಕನೇ ಲೂಯಿಯ ಹೆಂಡತಿ ಈ ಮಗುವಿನ ಮಲಅಕ್ಕ. ಮಗು ಸತ್ತರೆ ಆಸ್ತಿ ಯಾರ ಕಡೆ ವಾಲುತ್ತಿತ್ತು, ಹೇಳಿ?

ಈ ಕಾಯಿಲೆಯವನ ಕಾಲದಲ್ಲೇ ಸ್ಪೇನಿನ ಹಣ ಹಳಿಗೆ ಬಂತು. ಕಳಪೆ ತಾಮ್ರದ ನಾಣ್ಯದ ಮುಖಬೆಲೆಯನ್ನು 1680ರಲ್ಲಿ ಕಾಲು ಭಾಗಕ್ಕೆ ಇಳಿಸಿದರು. ನೋಟು ರದ್ದಾದ ರಾತ್ರಿ ನೆನಪಿದೆಯಲ್ವಾ? ಅಲ್ಲಿನ ಜನ ಅಷ್ಟೇ ಒದ್ದಾಡಿದರು. 1686ರಲ್ಲಿ ಬೆಳ್ಳಿಯದೂ ಸರಿಪಡಿಸಿದ ಮೇಲೆ ಬೆಲೆಗಳು ನಿಂತವು. ಅದೆಲ್ಲ ಮಂತ್ರಿಗಳಾದ ಮೆದಿನಾಸೆಲಿ, ಒರೊಪೆಸಾ ಮಾಡಿದ್ದು ಅನ್ನುತ್ತಾರೆ. ನಿಜವೇ. ಆದರೆ ಲಾಭ ಮಂತ್ರಿಯದು, ನಷ್ಟ ರಾಜನದು ಅನ್ನೋದು ಯಾವ ಸೀಮೆ ಲೆಕ್ಕ?

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು. 1687ರಲ್ಲಿ ಅಮೆರಿಕದಲ್ಲಿ ಇಂಗ್ಲಿಷರ ಕೈಲಿದ್ದ ಕೆರೊಲಿನಾದಿಂದ ತಪ್ಪಿಸಿಕೊಂಡ ಗುಲಾಮರ ದೋಣಿಯೊಂದು ಸ್ಪೇನಿನ ಕೈಲಿದ್ದ ಫ್ಲೋರಿಡಾದ ಸೇಂಟ್ ಅಗಸ್ಟೀನ್ ಮುಟ್ಟಿತು. 8 ಗಂಡಸರು, 2 ಹೆಂಗಸರು, ಹಾಲು ಕುಡಿಯುವ ಒಂದು ಮಗು. ಇಂಗ್ಲಿಷರು ವಾಪಸ್ ಕೇಳಿದರು, ಗವರ್ನರ್ ಕೊಡಲಿಲ್ಲ. 1693ರಲ್ಲಿ ಕಾರ್ಲೊಸ್ ಆಜ್ಞೆ ಹೊರಡಿಸಿದ: ಹೀಗೆ ಓಡಿ ಬಂದವರು, ಹೆಣ್ಣಾಗಲಿ ಗಂಡಾಗಲಿ, ಸ್ವತಂತ್ರರು. ಕ್ಯಾಥೊಲಿಕ್ ಆಗಬೇಕೆಂಬ ಷರತ್ತಿತ್ತು, ಇಂಗ್ಲಿಷರಿಗೆ ಕಾಟ ಕೊಡುವ ಉಪಾಯವೂ ಇತ್ತು. ಅವನದೇ ರಾಜ್ಯದ ಬೇರೆ ಕಡೆ ಗುಲಾಮಗಿರಿ ಹಾಗೇ ನಡೆದಿತ್ತು. ಆದರೂ ದೋಣಿಯಲ್ಲಿದ್ದವರಿಗೆ ಅವನ ಗದ್ದದ ಉದ್ದ ಕಟ್ಟಿಕೊಂಡು ಏನಾಗಬೇಕಿತ್ತು?

ಸಂತನೇನಲ್ಲ. 1680ರ ಜೂನ್‌ನಲ್ಲಿ ಮ್ಯಾಡ್ರಿಡ್‌ನ ಪ್ಲಾಸಾ ಮಯೋರ್ ಚೌಕದಲ್ಲಿ ಧರ್ಮದ್ರೋಹದ ಹೆಸರಿನಲ್ಲಿ ಜನರಿಗೆ ಶಿಕ್ಷೆ ಸಾರುವಾಗ ದಿನವಿಡೀ ಕೂತು ನೋಡಿದ. ಇದನ್ನೂ ನನ್ನ ಬಾಕ್ಸ್ ಬಿಟ್ಟಿತ್ತು. ಗದ್ದ ಮಾತ್ರ ಬಿಡಲಿಲ್ಲ.

ಕೊನೆಗಾಲಕ್ಕೆ, ಅವನು ಬದುಕಿರುವಾಗಲೇ ಲೂಯಿಯೂ ಇಂಗ್ಲೆಂಡಿನ ವಿಲಿಯಂನೂ ಅವನ ರಾಜ್ಯವನ್ನು ಕಾಗದದ ಮೇಲೆ ಪಾಲು ಮಾಡಿಕೊಂಡರು. 1700ರ ಅಕ್ಟೋಬರ್ 2ರಂದು ಅವನು ಉಯಿಲಿಗೆ ಸಹಿ ಹಾಕಿದ. ಒಡೆಯದೆ ಇಡೀ ರಾಜ್ಯವನ್ನು ಲೂಯಿಯ ಮೊಮ್ಮಗನಿಗೇ ಬರೆದ. ಇವನು ಕೊಟ್ಟದ್ದು ಹಗೆಯ ಮನೆಗೆ, ಆದರೆ ಅದನ್ನು ಉಳಿಸಿಕೊಳ್ಳುವ ತಾಕತ್ತು ಇದ್ದದ್ದೂ ಆ ಮನೆಗೇ. ನವೆಂಬರ್ 1ರಂದು ಕಣ್ಣು ಮುಚ್ಚಿದ, 39 ತುಂಬಲು ಐದು ದಿನ ಬಾಕಿ. ಅವನ ಪಟ್ಟಕ್ಕಾಗಿ ಯುದ್ಧವಂತೂ ತಪ್ಪಲಿಲ್ಲ. ಸ್ಪೇನಿನ ಕೈಲಿದ್ದ ಇಟಲಿಯ ನಾಡುಗಳೂ ಕೈಬಿಟ್ಟವು.

ಮುಂದಿನ ಸಂಚಿಕೆಯಲ್ಲಿ ಬಾಕ್ಸನ್ನು ತಿದ್ದಿ ಹಾಕುತ್ತೇವೆ. ಚಿತ್ರವೂ ಬೇರೆ: ಮ್ಯಾಡ್ರಿಡ್ ಬಳಿಯ ಎಸ್ಕೋರಿಯಲ್ ಅರಮನೆ-ಮಠಕ್ಕಾಗಿ ಕಲಾವಿದ ಕೊಯೆಲ್ಲೊ ಬರೆದದ್ದು. ರಾಜ ಕೈಯಲ್ಲಿ ಮೇಣದಬತ್ತಿ ಹಿಡಿದು ಮಂಡಿಯೂರಿದ್ದಾನೆ. ಗದ್ದ ಅದರಲ್ಲೂ ಉದ್ದವೇ.